ರಟ್ಟಪ್ಪನವರ ಅಂಟಿನ ಕಾಯಿಲೆ

ರಟ್ಟಪ್ಪನವರಿಗೆ ಅನುಮಾನ ಎನ್ನುವುದು ಹುಟ್ಟಿನಿಂದ ಬಂದದ್ದಲ್ಲ, ಹೊಟ್ಟೆಯಿಂದ ಬಂದದ್ದು. ಐವತ್ತೆರಡು ವರ್ಷ ತುಂಬುವವರೆಗೂ ಅವರು ಯಾರು ಏನು ಬಡಿಸಿದರೂ ಕಣ್ಣು ಮುಚ್ಚಿಕೊಂಡು ಉಣ್ಣುತ್ತಿದ್ದ ಮನುಷ್ಯ. ಹರಿದ ಪುಸ್ತಕಗಳನ್ನು ಹೊಲಿದು, ಅಂಟು ಹಚ್ಚಿ, ರಟ್ಟು ಹಾಕಿ ಕಟ್ಟುವುದು ಅವರ ಕಸುಬು. ಮೂವತ್ತು ವರ್ಷದ ಕಸುಬೇ ಹೆಸರಾಗಿ ನಿಂತು, ಅಪ್ಪ ಅಮ್ಮ ಇಟ್ಟ ಹೆಸರೇನು ಎಂದು ಯಾರಾದರೂ ಕೇಳಿದರೆ ಅವರೇ ಒಂದು ಗಳಿಗೆ ಯೋಚಿಸಬೇಕಾಗಿತ್ತು.

ವರ್ಷದ ಹಿಂದೆ ಅವರಿಗೆ ಹೊಟ್ಟೆನೋವು ಶುರುವಾಯಿತು. ಡಾಕ್ಟರು ರಕ್ತ ತೆಗೆದರು, ಗಂಟಲಿನಿಂದ ಕೊಳವೆ ಇಳಿಸಿ ಒಳಗೆಲ್ಲ ಇಣುಕಿ ನೋಡಿದರು, ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮಗೆ ಗ್ಲುಟೆನ್ ಆಗಲ್ಲ."

"ಹಾಗಂದ್ರೆ ಏನು ಡಾಕ್ಟ್ರೇ?"

"ಗೋಧೀಲಿ ಇರೋ ಅಂಟು ಕಣ್ರೀ. ಹಿಟ್ಟು ಕಲಸಿದ್ರೆ ಕೈಗೆ ಹತ್ತುತ್ತಲ್ಲ, ಅದು. ಗೋಧಿ, ಮೈದಾ, ರವೆ ಎಲ್ಲ ಇವತ್ತಿಂದ ಬಂದ್. ಒಂದು ಚೂರು ಒಳಗೆ ಹೋದ್ರೂ ಕಷ್ಟ."

ಅಂಟು ಎಂಬ ಮಾತು ಕೇಳಿ ರಟ್ಟಪ್ಪನವರ ಎದೆ ಧಸಕ್ಕೆಂದಿತು. ಬದುಕಿಡೀ ಮೈದಾ ಕುದಿಸಿ ಅಂಟು ಮಾಡಿದ್ದರು. ಅಂಟು ತಮ್ಮವನೇ ಎಂದು ನಂಬಿದ್ದರು. ಅಂಥ ಅಂಟೇ ಒಳಗಿನಿಂದ ಕತ್ತಿ ಮಸೆಯುತ್ತಿದೆ ಎಂದ ಮೇಲೆ ಈ ಲೋಕದಲ್ಲಿ ಯಾರನ್ನು ನಂಬುವುದು? ಅಂದಿನಿಂದ ಅವರು ಗುಳಿಗೆಯನ್ನೂ ಮುರಿದು ಮೂಸಿ ನೋಡಿಯೇ ನುಂಗಿದರು. ಲಕೋಟೆಯ ಅಂಚಿಗೆ ನಾಲಗೆ ತಾಗಿಸುವುದನ್ನು ಬಿಟ್ಟರು. ಹೆಂಡತಿ ಸಾರಿಗೆ ಸೌಟು ಹಾಕಿದರೆ, ಆ ಸೌಟು ಅದಕ್ಕೆ ಮೊದಲು ಎಲ್ಲಿತ್ತು ಎಂದು ವಿಚಾರಣೆ ನಡೆಸಿದರು.

ಹೊಟ್ಟೆಯ ಕತೆ ಹೀಗಿದ್ದರೆ ಕಸುಬಿನ ಕತೆ ಇನ್ನೂ ಕೆಟ್ಟಿತ್ತು. ಅವರ ಬೀದಿಯಲ್ಲಿ ಸುರುಳಿ ಕಂಬಿ ಹಾಕುವ ಯಂತ್ರ ಬಂದು ಎರಡು ವರ್ಷವಾಗಿತ್ತು. ಎರಡು ನಿಮಿಷಕ್ಕೆ ಒಂದು ಪುಸ್ತಕ ತಯಾರು. ಸೂಜಿ ದಾರ ಹಿಡಿದು ಕೂತ ರಟ್ಟಪ್ಪನವರ ಅಂಗಡಿಗೆ ಜನ ಬರುತ್ತಿದ್ದದ್ದು ಯಂತ್ರದ ಅಂಗಡಿ ಎಲ್ಲಿ ಎಂದು ಕೇಳುವುದಕ್ಕೆ. ಒಂದು ದಿನ ಅಂಗಡಿ ಬಾಗಿಲೆಳೆದು ಮನೆಗೆ ಬಂದವರು, "ನನ್ನ ಕೈ ಇನ್ಯಾರಿಗೂ ಬೇಡ ಕಣೇ" ಎಂದು ಹೆಂಡತಿಯ ಮುಂದೆ ಅತ್ತೇ ಬಿಟ್ಟಿದ್ದರು.

ಅಂಥ ಹೊತ್ತಿನಲ್ಲಿ ಹೆಂಡತಿಯ ತಮ್ಮ ಫೋನು ಮಾಡಿದ. ಅವನು ಹೊರದೇಶದಲ್ಲಿ ಬಸ್ ಓಡಿಸುತ್ತಿದ್ದ. ಅವನ ಬಸ್ಸು ನಿಲ್ಲುವ ಕಡೆ ಒಂದು ದೊಡ್ಡ ಗ್ರಂಥಾಲಯ, ಅದರ ಗೋಡೆಗೆ ಒಂದು ಪ್ರಕಟಣೆ: ಹಳೆಯ ಪುಸ್ತಕಗಳನ್ನು ಕೈಯಲ್ಲೇ ಹೊಲಿದು ಕಟ್ಟಬಲ್ಲವರು ಬೇಕು. ಭಾವನ ಕೆಲಸದ ಫೋಟೋ ಕಳಿಸಿದ, ಗ್ರಂಥಾಲಯದವರು ಒಪ್ಪಿದರು. ಒಂದು ತಿಂಗಳು ಕೆಲಸ ನೋಡುತ್ತೇವೆ, ಹಿಡಿಸಿದರೆ ಎರಡು ವರ್ಷ ಇಟ್ಟುಕೊಳ್ಳುತ್ತೇವೆ ಎಂದರು. ರಟ್ಟಪ್ಪನವರು ಸೂಜಿ, ದಾರ, ಹಾಳೆ ಮಡಿಸುವ ಮೂಳೆಯ ಪಟ್ಟಿ ಮತ್ತು ಹೆಂಡತಿಯನ್ನು ಕರೆದುಕೊಂಡು ವಿಮಾನ ಹತ್ತಿದರು.

ಇಳಿದ ಮೊದಲ ಭಾನುವಾರವೇ ಭಾವಮೈದ ಇಬ್ಬರನ್ನೂ ಹೋಟೆಲಿಗೆ ಕರೆದೊಯ್ದ.

"ಭಾವ, ನೀವು ಸುಮ್ನೆ ಕೂತ್ಕೊಳ್ಳಿ. ಇಲ್ಲಿನ ಭಾಷೆ ನನಗೆ ನೀರು ಕುಡಿದಷ್ಟು ಸಲೀಸು. ಗೋಧಿ ಬೇಡ ಅಂತ ಖಡಾಖಂಡಿತವಾಗಿ ಹೇಳ್ಬಿಟ್ಟಿದ್ದೀನಿ."

ತಟ್ಟೆ ಬಂತು. ಅದರಲ್ಲಿ ಬೆಳ್ಳಗೆ, ಉದ್ದುದ್ದಕ್ಕೆ, ಸಿಕ್ಕುಸಿಕ್ಕಾಗಿ ಏನೋ ಬಿದ್ದುಕೊಂಡಿತ್ತು.

"ಇದೇನೋ ಇದು?"

"ನೂಡಲ್ಸ್ ಭಾವ."

"ಗೋಧೀದಲ್ವೇನೋ?"

"ಗೋಧಿ ಎಲ್ಲಿ ಬಂತು ಭಾವ, ಇದು ನೂಡಲ್ಸು!"

ರಟ್ಟಪ್ಪನವರು ಹೊಸ ಕೆಲಸದ ಮೊದಲ ಮೂರು ದಿನವನ್ನು ಬಾಡಿಗೆ ಕೋಣೆಯ ಬಚ್ಚಲಿನಲ್ಲಿ ಕಳೆದರು. ಹೊರಗೆ ಬಂದಾಗ ಅವರ ಕೆನ್ನೆ ಒಳಕ್ಕೆ ಹೋಗಿತ್ತು, ಕಣ್ಣು ಕಿರಿದಾಗಿತ್ತು.

"ನಿನ್ನ ತಮ್ಮ ನನ್ನ ಮುಗಿಸೋಕೇ ಇಲ್ಲಿಗೆ ಕರೆಸಿದ್ದಾನೆ" ಎಂದರು.

"ನಿಮ್ಮನ್ನ ಮುಗಿಸಿದ್ರೆ ಅವನಿಗೆ ಏನು ಸಿಗುತ್ತೆ?" ಎಂದಳು ಹೆಂಡತಿ. "ನಿಮ್ಮ ಸೂಜಿ ದಾರನಾ?"

ಭಾವಮೈದ ಬಂದು ಕೆನ್ನೆ ಕೆನ್ನೆ ಬಡಿದುಕೊಂಡ. ಇಲ್ಲಿನ ಭಾಷೆಯಲ್ಲಿ ಒಂದು ಚೀಟಿ ಬರೆದುಕೊಡುತ್ತೇನೆ, ಹೋದಲ್ಲೆಲ್ಲ ತೋರಿಸಿ ಎಂದ. ರಟ್ಟಪ್ಪನವರು ಗೋಡೆಯ ಕಡೆ ತಿರುಗಿ ಕೂತರು. ನೂಡಲ್ಸ್ ಗೋಧಿಯಲ್ಲ ಎಂದವನು ಚೀಟಿಯಲ್ಲಿ ಏನು ಬರೆದಾನೆಂದು ಯಾರು ಕಂಡರು? ಮತ್ತೆ ಯಾರನ್ನು ನಂಬುವುದು ಎಂದು ಯೋಚಿಸಿದಾಗ ಅವರ ಕೈಗೆ ಸಿಕ್ಕಿದ್ದು ಫೋನು. ಫೋನು ಈವರೆಗೆ ಅವರಿಗೆ ಏನನ್ನೂ ತಿನ್ನಿಸಿರಲಿಲ್ಲ. ಲೋಕವನ್ನೆಲ್ಲ ಅನುಮಾನಿಸಿದ ಮನುಷ್ಯ ಅದೊಂದನ್ನು ಮಾತ್ರ ಕಣ್ಣು ಮುಚ್ಚಿ ನಂಬಿದರು.

ಶನಿವಾರ ಮಧ್ಯಾಹ್ನ ಕೆಲಸ ಮುಗಿದ ಮೇಲೆ ಗ್ರಂಥಾಲಯದ ಕಾರ್ಯಾಗಾರದಲ್ಲಿ ಕೂತು ಫೋನಿನ ಅನುವಾದಕದಲ್ಲಿ ಅಚ್ಚುಕಟ್ಟಾಗಿ ಕನ್ನಡದಲ್ಲಿ ಬರೆದರು:

"ಮಾನ್ಯರೇ, ನನಗೆ ಅಂಟಿನ ಕಾಯಿಲೆ ಇದೆ. ನನ್ನ ತಟ್ಟೆ, ಲೋಟ, ಚಮಚ ಎಲ್ಲವನ್ನೂ ದಯವಿಟ್ಟು ಬೇರೆಯಾಗಿ ಇಡಿ. ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ. ಒಂದು ಚೂರು ತಾಗಿದರೂ ಮೂರು ದಿನ ಏಳುವಂತಿಲ್ಲ. ತಮ್ಮ ಸಹಕಾರಕ್ಕೆ ವಂದನೆಗಳು."

ಪುಸ್ತಕ ಕಟ್ಟುವವರ ಮನೆಯಲ್ಲಿ ಅಂಟು ಎಂದರೆ ಗೋಂದು, ಮೈದಾ ಗಂಜಿ. ಫೋನಿಗೆ ಆ ಕಸುಬು ಗೊತ್ತಿರಲಿಲ್ಲ. ಅಂಟಿನ ಕಾಯಿಲೆ ಎಂದರೆ ಊರವರೆಲ್ಲ ಏನು ತಿಳಿದುಕೊಳ್ಳುತ್ತಾರೋ ಅದನ್ನೇ ಅದೂ ತಿಳಿದುಕೊಂಡು, ಒಬ್ಬರಿಂದ ಒಬ್ಬರಿಗೆ ಹರಡುವ ಜಾಡ್ಯ ಎಂದು ಆ ದೇಶದ ಭಾಷೆಯಲ್ಲಿ ಶುದ್ಧವಾಗಿ ಅನುವಾದಿಸಿಕೊಟ್ಟಿತು. ತಟ್ಟೆ ಲೋಟ ಬೇರೆ ಇಡಿ ಎನ್ನುವ ಮುಂದಿನ ಮಾತು ಅದಕ್ಕೆ ಹೇಳಿ ಮಾಡಿಸಿದ ಹಾಗೆ ಕೂತಿತು. ರಟ್ಟಪ್ಪನವರಿಗೆ ಆ ಲಿಪಿಯ ಒಂದಕ್ಷರವೂ ಬರುತ್ತಿರಲಿಲ್ಲ. ಅಕ್ಷರ ದುಂಡಗಿದೆ ಎಂದು ಮೆಚ್ಚಿಕೊಂಡು ಇಪ್ಪತ್ತೈದು ಪ್ರತಿ ಅಚ್ಚು ಹಾಕಿಸಿ, ರಟ್ಟಿಗೆ ಹೊದಿಸಿ ಉಳಿದ ಕ್ಯಾಲಿಕೋ ಬಟ್ಟೆಯ ಚೂರುಗಳಲ್ಲಿ ಪ್ರತಿಯೊಂದಕ್ಕೂ ಪುಟ್ಟ ರಟ್ಟು ಕಟ್ಟಿ, ಅಂಚಿಗೆ ಚಿನ್ನದ ಗೆರೆ ಎಳೆದರು. ಒಂದು ಕಾಯಿಲೆಗೆ ಇಷ್ಟು ಚೆಂದದ ರಟ್ಟು ಹಿಂದೆ ಯಾರೂ ಹಾಕಿರಲಾರರು.

ಭಾವಮೈದ ನೋಡಲು ಕೇಳಿದ. "ನಿನ್ನ ಹಂಗು ನನಗೆ ಬೇಡ" ಎಂದು ರಟ್ಟಪ್ಪನವರು ಕಟ್ಟನ್ನು ಜೇಬಿಗಿಳಿಸಿದರು.

ಮೊದಲ ಪ್ರತಿ ಹೋದದ್ದು ಗ್ರಂಥಾಲಯದ ಎದುರಿನ ಹೋಟೆಲಿನವನಿಗೆ. ಅವನು ಓದಿದ. ಮತ್ತೊಮ್ಮೆ ಓದಿದ. ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಒಳಗೆ ಹೋಗಿ ಹೆಂಡತಿಯನ್ನು ಕರೆತಂದ. ಅವಳು ಓದಿ ಬಾಯಿಗೆ ಸೆರಗಿನಂತೆ ಒರೆಸುಬಟ್ಟೆ ಅಡ್ಡ ಹಿಡಿದಳು. ಆಮೇಲೆ ಹೋಟೆಲಿನವನು ದೂರದಿಂದಲೇ ರಟ್ಟಪ್ಪನವರ ಫೋನಿನ ಕಡೆ ಏನೋ ಕೂಗಿ ಹೇಳಿದ. ಫೋನು ಗಂಭೀರವಾಗಿ ಕನ್ನಡದಲ್ಲಿ ನುಡಿಯಿತು: "ತಾವು ಹೊರಗಡೆ ಗಾಳಿಯಲ್ಲಿ ಆಸೀನರಾದರೆ ನಮಗೆಲ್ಲರಿಗೂ ಸಂತೋಷವಾಗುತ್ತದೆ."

ಮರದ ಕೆಳಗೆ ಒಂಟಿ ಮೇಜು ಹಾಕಿದರು. ಕಾಗದದ ತಟ್ಟೆಯಲ್ಲಿ ಅನ್ನ, ಬೇಯಿಸಿದ ತರಕಾರಿ ಬಂತು. ತಟ್ಟೆಯನ್ನು ಹೋಟೆಲಿನವನು ಮೇಜಿನ ತುದಿಗಿಟ್ಟು ಪೊರಕೆ ಕೋಲಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳಿದ.

"ನೋಡಿದ್ಯಾ?" ಎಂದರು ರಟ್ಟಪ್ಪನವರು, ಜೊತೆಗೆ ಬಂದಿದ್ದ ತಮ್ಮ ಹೆಂಡತಿಯ ಕಡೆ ತಿರುಗಿ, ಕಣ್ಣಲ್ಲಿ ನೀರು ತಂದುಕೊಂಡು. "ನಮ್ಮ ನೆಂಟರ ಮನೇಲಿ ಆಗಿದ್ರೆ, ಒಂದಿಷ್ಟು ತಿಂದ್ರೆ ಏನೂ ಆಗಲ್ಲ ಅಂತ ಬಾಯಿಗೆ ತುರುಕೋರು. ಇಲ್ಲಿ ಕೈ ಕೂಡ ತಾಗಿಸ್ತಿಲ್ಲ!"

ಹೆಂಡತಿ ಕೋಲನ್ನೇ ನೋಡುತ್ತಿದ್ದಳು. "ಯಾಕೋ ಜಾಸ್ತಿ ಆಯ್ತು ಅನ್ಸುತ್ತೆ ಕಣ್ರೀ" ಎಂದಳು.

ಆ ಮಾತು ರಟ್ಟಪ್ಪನವರ ತಲೆಯಲ್ಲಿ ಹುಳ ಬಿಟ್ಟಿತು. ಹೌದಲ್ಲ, ಇಷ್ಟು ಉಪಚಾರ ಮಾಡುವವನು ಏನನ್ನೋ ಮುಚ್ಚಿಡುತ್ತಿರಬೇಕು. ಅನುಮಾನಕ್ಕೆ ತಕ್ಕಂತೆ ಸಂಜೆ ಹೊಟ್ಟೆ ನುಲಿಯಿತು. ಮರುದಿನ ಅವರು ಹೋಟೆಲು ಬಿಟ್ಟು ಮನೆಯಿಂದ ಬುತ್ತಿ ತಂದರು. ಆಗಲೂ ನುಲಿಯಿತು. ಅಕ್ಕಿಯಲ್ಲೇ ಏನಾದರೂ ಇರಬಹುದೆಂದು ಅಕ್ಕಿಯನ್ನು ಕಾಳುಕಾಳಾಗಿ ಆರಿಸಿದರು. ಹೆಂಡತಿ ಅನ್ನ ಮಾಡುವಾಗ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು.

"ನನ್ನ ಮೇಲೂ ಅನುಮಾನನಾ?" ಎಂದಳು ಅವಳು.

"ನಿನ್ನ ಮೇಲಲ್ಲ, ನಿನ್ನ ಕೈ ಮೇಲೆ. ನಿನ್ನೆ ನೀನು ಬಿಸ್ಕತ್ತು ತಿಂದೆ. ಆ ಕೈ ತೊಳೆದ್ಯೋ ಇಲ್ವೋ?"

"ತೊಳ್ದೆ."

"ಎಷ್ಟು ಸಲ?"

ಅವಳು ಸೌಟನ್ನು ಅವರ ಕೈಗೆ ಕೊಟ್ಟು ಆಚೆ ಹೋಗಿ ಮಲಗಿಬಿಟ್ಟಳು. ಆ ಬಿಸ್ಕತ್ತು ಆಕೆ ಆ ದೇಶದಲ್ಲಿ ನೆಮ್ಮದಿಯಿಂದ ತಿಂದ ಏಕಮಾತ್ರ ತಿಂಡಿಯಾಗಿತ್ತು.

ಇತ್ತ ಚಿನ್ನದ ಗೆರೆಯ ಆ ಕಾರ್ಡುಗಳು ಒಂದೊಂದೇ ಕೈ ಸೇರುತ್ತಿದ್ದವು. ಮನೆಯೊಡತಿಗೆ ಒಂದು ಕೊಟ್ಟರು. ಮರುದಿನದಿಂದ ಆಕೆ ಅವರು ಹಿಡಿದ ಮೆಟ್ಟಿಲ ಕಂಬಿಗೆಲ್ಲ ಔಷಧಿ ಸಿಂಪಡಿಸುತ್ತ ಹಿಂದೆಯೇ ಬರತೊಡಗಿದಳು. ಮೇಲಿನ ಮನೆಯ ಮುದುಕನಿಗೆ ಒಂದು ಕೊಟ್ಟರು. ದಿನಾ ಕೈಕುಲುಕುತ್ತಿದ್ದವನು ಈಗ ಕಿಟಕಿ ಮುಚ್ಚಿಕೊಂಡು ಗಾಜಿನೊಳಗಿಂದ ಕೈಬೀಸಿದ. ಲಿಫ್ಟಿನಲ್ಲಿ ರಟ್ಟಪ್ಪನವರು ಕಾಲಿಟ್ಟರೆ ಐದು ಜನ ಇಳಿದು, ಆರೋಗ್ಯಕ್ಕೆ ಮೆಟ್ಟಿಲು ಹತ್ತುವುದೇ ಒಳ್ಳೆಯದು ಎಂಬ ಮುಖ ಮಾಡಿಕೊಂಡು ಹೊರಟರು.

ರಟ್ಟಪ್ಪನವರು ರಾತ್ರಿ ಊಟಕ್ಕೆ ಮೊದಲು ಹೆಂಡತಿಯನ್ನು ಕೂರಿಸಿಕೊಂಡು ತನಿಖೆಯ ಸಾರಾಂಶ ಹೇಳಿದರು. "ಇದರ ಹಿಂದೆ ನಿನ್ನ ತಮ್ಮ ಇದ್ದಾನೆ. ನಾವು ಸ್ನಾನ ಮಾಡಲ್ಲ ಅಂತ ಊರೆಲ್ಲ ಹಬ್ಬಿಸಿದ್ದಾನೆ. ಅವನ ಬಸ್ಸಲ್ಲಿ ದಿನಕ್ಕೆ ಸಾವಿರ ಜನ ಓಡಾಡ್ತಾರೆ, ಹಬ್ಬಿಸೋದು ಎಷ್ಟೊತ್ತಿನ ಕೆಲಸ?"

"ಅವನ್ಯಾಕ್ರೀ ಹಾಗೆ ಮಾಡ್ತಾನೆ?"

"ಅದೇ ಗೊತ್ತಾಗ್ತಿಲ್ಲ. ಅದಕ್ಕೇ ಅನುಮಾನ."

ಭಾವಮೈದನ ಫೋನು ಬಂದರೆ ಎತ್ತುವುದನ್ನು ಬಿಟ್ಟರು. ಅವನು ಬಸ್ಸು ನಿಲ್ಲಿಸಿ ಗ್ರಂಥಾಲಯದ ಮುಂದೆ ಹಾರನ್ ಹೊಡೆದರೂ ಇವರು ಕಿವಿ ಕೇಳಿಸದವರಂತೆ ಒಳಗೆ ಹೋದರು.

ಮೂರನೆಯ ವಾರದ ಸೋಮವಾರ ಗ್ರಂಥಾಲಯದ ಊಟದ ಕೋಣೆಯಲ್ಲಿ ಎಲ್ಲರಿಗೂ ಕಾರ್ಡು ಹಂಚಿದರು. ಮಂಗಳವಾರ ಅವರ ಮೇಜು ಕಾರ್ಯಾಗಾರದ ಕೊನೆಯ ಗಾಜಿನ ಕೋಣೆಗೆ ಹೋಗಿತ್ತು. ದೊಡ್ಡ ಕೋಣೆ, ಒಬ್ಬರಿಗೇ! ಬುಧವಾರ ಗ್ರಂಥಾಲಯದ ಮುಖ್ಯಸ್ಥೆ ಗಾಜಿನಾಚೆಯಿಂದ ಅವರನ್ನು ಬಹಳ ಹೊತ್ತು ನೋಡಿ ಹೋದಳು. ಗುರುವಾರ ಬೆಳಗ್ಗೆ ಬಂದು ನೋಡಿದರೆ ಅವರು ಕಟ್ಟಿ ಮುಗಿಸಿದ್ದ ಒಂಬತ್ತು ಪುಸ್ತಕಗಳೂ ಕಪಾಟಿನಲ್ಲಿರಲಿಲ್ಲ. ಮೂಲೆಯಲ್ಲಿ ಒಂಬತ್ತು ಪ್ಲಾಸ್ಟಿಕ್ ಚೀಲ. ಬಾಯಿಗೆಲ್ಲ ಹಳದಿ ಪಟ್ಟಿ. ಒಳಗೆ ಅವರ ಪುಸ್ತಕ.

ರಟ್ಟಪ್ಪನವರು ಸ್ಟೂಲಿನ ಮೇಲೆ ಕುಸಿದರು. ಜನ ದೂರ ಸರಿದದ್ದನ್ನು ಸಹಿಸಿದ್ದರು, ಕೋಲಿನಿಂದ ತಳ್ಳಿದ ಅನ್ನವನ್ನೂ ತಿಂದಿದ್ದರು. ಆದರೆ ಪುಸ್ತಕ? ತಮ್ಮ ಹೊಲಿಗೆಯಲ್ಲಿ ಏನು ತಪ್ಪು ಕಂಡಿತು ಇವರಿಗೆ? ಬೆನ್ನು ನೆಟ್ಟಗಿಲ್ಲವೆ? ಹಾಳೆ ಬಿಟ್ಟುಕೊಂಡಿತೆ? ಇಲ್ಲಿಯೂ ನನ್ನ ಕೈ ಯಾರಿಗೂ ಬೇಡವಾಯಿತು ಎಂದು ಅವರಿಗೆ ನಿಜವಾಗಿಯೂ ದುಃಖವಾಯಿತು. ಸಂಜೆ ಮನೆಗೆ ಬಂದು ಪೆಟ್ಟಿಗೆಗೆ ಬಟ್ಟೆ ತುಂಬತೊಡಗಿದರು. ಹೆಂಡತಿ ತುಂಬಿದ ಬಟ್ಟೆಯನ್ನು ಒಂದೊಂದೇ ತೆಗೆದು ಮತ್ತೆ ಗೂಟಕ್ಕೆ ಹಾಕಿದಳು.

ಶುಕ್ರವಾರ ಆರೋಗ್ಯಾಧಿಕಾರಿ ಬಂದ. ತಲೆಯಿಂದ ಕಾಲಿನವರೆಗೆ ಬಿಳಿಯ ಅಂಗಿ, ಮುಖಕ್ಕೆ ಗಾಜಿನ ಪರದೆ. ಕಾರ್ಡು ಸಿಕ್ಕವರೆಲ್ಲ ಹಾಜರಾಗಬೇಕೆಂದು ಹೇಳಿಕಳಿಸಿದ್ದ. ಗ್ರಂಥಾಲಯದ ಉದ್ದನೆಯ ಪಡಸಾಲೆಯಲ್ಲಿ ಹತ್ತೊಂಬತ್ತು ಜನ, ಒಬ್ಬರಿಂದೊಬ್ಬರು ಮಾರು ದೂರ ನಿಂತು, ಚಿನ್ನದ ಅಂಚಿನ ಕಾರ್ಡನ್ನು ಎರಡು ಬೆರಳಲ್ಲಿ ತುದಿಗೆ ಹಿಡಿದುಕೊಂಡಿದ್ದರು. ರಟ್ಟಪ್ಪನವರ ಹೆಂಡತಿಯನ್ನೂ, ಅನುವಾದಕ್ಕೆಂದು ಬಸ್ಸು ಬಿಡಿಸಿ ಭಾವಮೈದನನ್ನೂ ಕರೆಸಿದ್ದರು. ರಟ್ಟಪ್ಪನವರಿಗೆ ಎಲ್ಲ ಅರ್ಥವಾಯಿತು: ಸೂತ್ರಧಾರ ಕಡೆಗೂ ರಂಗಕ್ಕೆ ಬಂದ.

ಅಧಿಕಾರಿ ಕೇಳಿದ, ಭಾವಮೈದ ಕನ್ನಡಕ್ಕೆ ತಿರುಗಿಸಿದ.

"ಭಾವ, ನಿಮಗೆ ಅದೇನೋ ಇದೆಯಂತಲ್ಲ, ನಿಜಾನಾ?"

"ಇದೆ. ನಿನಗೆ ಗೊತ್ತಿಲ್ವಾ? ವರ್ಷದಿಂದ ಇದೆ."

ಭಾವಮೈದನ ಮುಖ ಬಿಳಿಚಿಕೊಂಡಿತು. "ಇಟ್ಕೊಂಡೇ ನನ್ನ ಜೊತೆ ಊಟ ಮಾಡಿದ್ರಾ?" ಎಂದು ಒಂದು ಹೆಜ್ಜೆ ಹಿಂದೆ ಸರಿದ.

"ನಿನ್ನ ಜೊತೆ ತಿಂದೇ ಜಾಸ್ತಿ ಆಗಿದ್ದು!"

ಅಧಿಕಾರಿ ಬರೆದುಕೊಂಡ. ಮುಂದಿನ ಪ್ರಶ್ನೆ.

"ಇದುವರೆಗೆ ಎಷ್ಟು ಜನಕ್ಕೆ ಕೊಟ್ಟಿದ್ದೀರಿ ಅಂತ ಕೇಳ್ತಿದ್ದಾರೆ."

ಕಾರ್ಡಿನ ಮಾತು ಎಂದು ರಟ್ಟಪ್ಪನವರಿಗೆ ಸ್ವಲ್ಪ ಸಮಾಧಾನವಾಯಿತು. "ಹತ್ತೊಂಬತ್ತು ಜನಕ್ಕೆ. ನಾನೇ ಹುಡುಕ್ಕೊಂಡು ಹೋಗಿ ಕೈಯಾರೆ ಕೊಟ್ಟಿದ್ದೀನಿ."

ಪಡಸಾಲೆಯಲ್ಲಿ ಹೋಟೆಲಿನವನ ಹೆಂಡತಿ ಗೋಡೆಗೆ ಒರಗಿದಳು.

"ಎಲ್ಲಿಂದ ತಂದ್ರಿ ಅಂತಾರೆ."

"ತರೋದೇನು? ಇದೇ ಕಾರ್ಯಾಗಾರದಲ್ಲಿ ಕೂತು ನಾನೇ ತಯಾರು ಮಾಡಿದ್ದು. ಇನ್ನೂ ಆರು ಉಳಿದಿದೆ. ಬೇಕಾದ್ರೆ ಇವರಿಗೂ ಒಂದು ಕೊಡ್ತೀನಿ" ಎಂದು ರಟ್ಟಪ್ಪನವರು ಜೇಬಿಗೆ ಕೈಹಾಕಿದರು.

ಅಧಿಕಾರಿ ಎರಡೂ ಕೈ ಮುಂದಕ್ಕೆ ಚಾಚಿ ಬಾಗಿಲವರೆಗೆ ಹಿಂದೆ ಹೋದ. ಮನೆಯೊಡತಿ ಔಷಧಿಯ ಬಾಟಲಿ ಎತ್ತಿ ಗುರಿಯಿಟ್ಟಳು. ಜೇಬಿನಿಂದ ಹೊರಬಂದದ್ದು ಕಾರ್ಡು. ಅದನ್ನು ಕಂಡು ಭಾವಮೈದ ಅಷ್ಟು ಹೆದರಿಕೆಯಲ್ಲೂ ಕೈ ನೀಡಿ ಕಸಿದುಕೊಂಡ, ಓದಿದ. ಓದುತ್ತ ಓದುತ್ತ ಅವನ ತುಟಿ ನಡುಗಿತು. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತ.

"ಅಕ್ಕಾ... ಭಾವ ಇಡೀ ಊರಿಗೆ ಅಂಟುಜಾಡ್ಯ ಅಂತ ಬರೆದು ಹಂಚಿದ್ದಾರೆ ಅಕ್ಕಾ... ಅದೂ ಚಿನ್ನದ ಗೆರೆ ಹಾಕಿ!"

ಅವನು ಎದ್ದು ಎಲ್ಲರಿಗೂ ಆ ಭಾಷೆಯಲ್ಲಿ ವಿವರಿಸಿದ. ಗೋಧಿ, ಅಂಟು, ಫೋನು ಎಂದು ಕೈಬಾಯಿ ಆಡಿಸಿ, ದಿನಾ ಸಂಜೆಯ ಹೊಟ್ಟೆನೋವಿನ ಬಗ್ಗೆ ಅಕ್ಕ ನೆನಪಿಸಿದ್ದನ್ನೂ ಸೇರಿಸಿ ಹೇಳಿದ. ಹತ್ತೊಂಬತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೊದಲು ನಿಟ್ಟುಸಿರು ಬಿಟ್ಟರು, ಆಮೇಲೆ ನಕ್ಕರು. ಅಧಿಕಾರಿ ಮುಖದ ಪರದೆ ಎತ್ತಿದ. ಅವನೊಬ್ಬ ಮಾತ್ರ ನಗಲಿಲ್ಲ. ಅವನು ಮೂಲತಃ ಡಾಕ್ಟರು. ಒಂದು ತುತ್ತು ಗೋಧಿಯನ್ನೂ ತಿನ್ನದವರಿಗೆ ದಿನಾ ಸಂಜೆ ಹೊಟ್ಟೆನೋವು ಹೇಗೆ ಬಂತು ಎಂದು ಕೇಳಿದ. ಅದು ರಟ್ಟಪ್ಪನವರ ಮನಸ್ಸಿಗೆ ಹಿಡಿಸಿದ ಪ್ರಶ್ನೆ. ಆ ದೇಶದಲ್ಲಿ ತಮ್ಮಷ್ಟು ಅನುಮಾನವಿದ್ದ ಇನ್ನೊಬ್ಬ ಮನುಷ್ಯ ಕಡೆಗೂ ಸಿಕ್ಕಿದ್ದ.

"ಅದೇ ಕೇಳ್ತಿದ್ದೀನಿ ನಾನೂ!" ಎಂದು ಹೆಂಡತಿಯ ಕಡೆ, ಹೋಟೆಲಿನವನ ಕಡೆ, ಭಾವಮೈದನ ಕಡೆ ಒಂದೊಂದು ನೋಟ ಬೀರಿದರು. "ಇವರಲ್ಲಿ ಯಾರೋ ಒಬ್ಬರು."

ಬೆಳಗಿನಿಂದ ಸಂಜೆವರೆಗೆ ಏನೇನು ಮಾಡುತ್ತೀರೋ ತೋರಿಸಿ ಎಂದ ಅಧಿಕಾರಿ. ರಟ್ಟಪ್ಪನವರು ಗಾಜಿನ ಕೋಣೆಗೆ ಹೋದರು. ಒಲೆ ಹಚ್ಚಿದರು. ಮೈದಾವನ್ನು ನೀರಿನಲ್ಲಿ ಕದಡಿ, ಗಂಟಾಗದಂತೆ ತಿರುವಿ ಕುದಿಸಿದರು. ಕುದಿ ಇಳಿದ ಮೇಲೆ, ಹದ ಬಂತೋ ಇಲ್ಲವೋ ನೋಡಲು, ತೋರುಬೆರಳನ್ನು ಅದ್ದಿ, ಆರಿಸಿ, ನಾಲಗೆಗೆ ಹಚ್ಚಿ ಚಪ್ಪರಿಸಿದರು.

ಗಾಜಿನಾಚೆ ನಗು ನಿಂತಿತು.

"ಏನ್ರೀ ಅದು?" ಎಂದಳು ಹೆಂಡತಿ.

"ಹದ ನೋಡ್ದೆ."

"ದಿನಾ ನೋಡ್ತೀರಾ?"

"ಮತ್ತೆ? ದಿನಕ್ಕೆ ನಾಲ್ಕು ಸಲ ಕಾಯಿಸ್ತೀನಿ, ನಾಲ್ಕು ಸಲ ನೋಡ್ತೀನಿ. ನಮ್ಮ ಗುರುಗಳು ಹೇಳಿಕೊಟ್ಟ ಪದ್ಧತಿ. ನಾಲಗೆಗೆ ಗೊತ್ತಾದಷ್ಟು ಬೆರಳಿಗೆ..." ಎನ್ನುತ್ತ ರಟ್ಟಪ್ಪನವರ ಮಾತು ತಾನಾಗಿ ನಿಧಾನವಾಯಿತು. ಬೆರಳು ಇನ್ನೂ ಬಾಯಿಯ ಹತ್ತಿರವೇ ಇತ್ತು.

"ನಾನು ಕೈ ಎಷ್ಟು ಸಲ ತೊಳ್ದೆ ಅಂತ ಕೇಳಿದ್ರಲ್ರೀ! ಒಂದು ಬಿಸ್ಕತ್ತು ನೆಮ್ಮದಿಯಾಗಿ ತಿನ್ನೋಕೆ ಬಿಡ್ಲಿಲ್ವಲ್ರೀ! ಇಲ್ಲಿ ಪಾತ್ರೆಗಟ್ಟಲೆ ಮೈದಾ ನೆಕ್ಕೊಂಡು ಕೂತಿದ್ದೀರಾ?"

"ತಿಂದಿದ್ದಲ್ಲ ಕಣೇ, ನೋಡಿದ್ದು!"

ಇದನ್ನು ಅನುವಾದಿಸುವುದು ಭಾವಮೈದನಿಗೆ ಕಷ್ಟವಾಗಲಿಲ್ಲ. ಕೋಣೆಯೊಳಗೆ ಕಂಡದ್ದು ಎಲ್ಲ ಭಾಷೆಯವರಿಗೂ ತಿಳಿಯುವಂತೆಯೇ ಇತ್ತು. ಅಧಿಕಾರಿ ತನ್ನ ಪುಸ್ತಕದಲ್ಲಿ ಒಂದೇ ಸಾಲು ಬರೆದು ಮುಚ್ಚಿದ. ಮುಖ್ಯಸ್ಥೆ ಹಳದಿ ಪಟ್ಟಿಗಳನ್ನು ಕತ್ತರಿಸಿ, ಒಂಬತ್ತು ಪುಸ್ತಕಗಳನ್ನೂ ತಾನೇ ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ಮೆಚ್ಚಿದಳೋ ಬಿಟ್ಟಳೋ ಮುಖ ನೋಡಿ ಹೇಳುವಂತಿರಲಿಲ್ಲ.

ಕೊನೆಯ ವಾರ ರಟ್ಟಪ್ಪನವರು ಅಕ್ಕಿಹಿಟ್ಟಿನ ಅಂಟು ಕುದಿಸಿ ಕೆಲಸ ಮಾಡಿದರು. ಹೊಟ್ಟೆ ತೆಪ್ಪಗಾಯಿತು. ಹೋಟೆಲಿನವನು ಅವರನ್ನು ಒಳಗೆ ಕರೆದು ಪಿಂಗಾಣಿ ತಟ್ಟೆಯಲ್ಲೇ ಬಡಿಸಿದ. ಅವರು ಮಾತ್ರ ತುತ್ತು ಎತ್ತುವಾಗ ಯಾರ ಮುಖವನ್ನೂ ನೋಡಲಾರದೆ ತಲೆ ತಗ್ಗಿಸಿಕೊಂಡು ಉಂಡರು. ಒಂದು ವರ್ಷ ತಾವು ಅನುಮಾನಿಸಿದವರ ಪಟ್ಟಿ ಉದ್ದವಿತ್ತು. ಅದರಲ್ಲಿ ತಮ್ಮ ಬೆರಳೊಂದರ ಹೆಸರು ಇರಲಿಲ್ಲ.

ತಿಂಗಳು ತುಂಬಿದ ದಿನ ಗ್ರಂಥಾಲಯದಿಂದ ಲಕೋಟೆ ಬಂತು. ರಟ್ಟಪ್ಪನವರು ಅದನ್ನು ಬಿಡಿಸಿ ಫೋನಿನ ಮುಂದೆ ಹಿಡಿದರು. ಫೋನು ಗಂಟಲು ಸರಿಮಾಡಿಕೊಂಡವರ ಹಾಗೆ ನುಡಿಯಿತು: "ನಿಮ್ಮ ಕೈಗಳು ನಮಗೆ ಬೇಕಾಗಿವೆ. ನಿಮ್ಮನ್ನು ಎರಡು ವರ್ಷ ಇಲ್ಲಿಯೇ ಕಟ್ಟಿಹಾಕಲಾಗುವುದು."

"ಅಯ್ಯಯ್ಯೋ!" ಎಂದಳು ಹೆಂಡತಿ. "ಪೊಲೀಸರ ಕಾಗದಾನೇನ್ರೀ?"

ರಟ್ಟಪ್ಪನವರು ಫೋನನ್ನು ಬೋರಲು ಹಾಕಿದರು. ಕೆಳಗೆ ಬೀದಿಯಲ್ಲಿ ಬಸ್ಸು ನಿಂತ ಸದ್ದು ಕೇಳಿಸಿತು. ಅಂದು ಪಾಳಿ ಮುಗಿಸಿ ಅಕ್ಕನನ್ನು ನೋಡಲು ಬಂದ ಭಾವಮೈದ, ಭಾವನ ಮುಖ ಹೇಗಿದೆಯೋ ಎಂದು ಹೊಸ್ತಿಲಲ್ಲೇ ನಿಂತ. ರಟ್ಟಪ್ಪನವರು ಎದ್ದು ಹೋಗಿ ಕಾಗದವನ್ನು ಅವನ ಕೈಗಿಟ್ಟರು.

"ನೀನೇ ಓದಪ್ಪ. ನೀನು ಹೇಳಿದ್ದೇ ಸರಿ."

ಭಾವಮೈದನಿಗೆ ಕೈ ಎಲ್ಲಿಡುವುದೋ ತಿಳಿಯಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ದೀಪದ ಕೆಳಗೆ ನಿಂತು, ಒಂದೊಂದೇ ಸಾಲು ಬಿಡಿಸಿ ಓದಿದ. "ನೀವು ಕಟ್ಟಿದ ಒಂಬತ್ತು ಪುಸ್ತಕಗಳನ್ನೂ ನೋಡಿದೆವು. ಇಂಥ ಕೈ ನಮ್ಮಲ್ಲಿ ಯಾರಿಗೂ ಇಲ್ಲ. ಎರಡು ವರ್ಷ ನಮ್ಮ ಜೊತೆಯಲ್ಲೇ ಇರಿ ಅಂತ ಕೇಳ್ಕೋತೀವಿ. ಅಷ್ಟೇ ಭಾವ ಇರೋದು."

ಹೆಂಡತಿ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಇನ್ನೊಂದು ಸಲ ಓದು" ಎಂದರು ರಟ್ಟಪ್ಪನವರು.

ಭಾವಮೈದನ ಮುಖ ಸಪ್ಪಗಾಯಿತು. "ಇನ್ನೂ ಅನುಮಾನಾನಾ ಭಾವ?"

"ಇಲ್ವೋ" ಎಂದರು ಅವರು. "ಕೇಳೋಕೆ ಚೆನ್ನಾಗಿದೆ."